ಒಂದು ‘ಅಂತೆ’ ಕಳಚಿ ಬಿದ್ದಾಗ: 1973ರ ತೊಯೊಕಾವಾ ಬ್ಯಾಂಕ್ ವದಂತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಒಂದು ಸಣ್ಣ ಊರು. ಏನೂ ತೊಂದರೆಯಿಲ್ಲದೆ ನಡೆಯುತ್ತಿದ್ದ ಒಂದು ಬ್ಯಾಂಕು. ರೈಲಿನಲ್ಲಿ ಹುಡುಗಿಯರು ಆಡಿದ ಒಂದು ತಮಾಷೆ ಮಾತು. ಒಂದು ವಾರದೊಳಗೆ ಆ ಬ್ಯಾಂಕಿನ ಮುಂದೆ ಜನ ಮುಗಿಬಿದ್ದರು. ಈ ಘಟನೆ ಬಗ್ಗೆ ಯಾರಿಗೆ ಹೇಳಿದರೂ ಅವರು ತಿರುಗಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ, ಏನಾಯಿತು?

1973ರ ಡಿಸೆಂಬರ್. ಐಚಿ ಪ್ರಾಂತದ ಕೊಜಾಕಾಯಿ ಎಂಬ ಪಟ್ಟಣ. ಅಲ್ಲಿ ತೊಯೊಕಾವಾ ಶಿನ್‌ಕಿನ್ ಎಂಬ ಬ್ಯಾಂಕಿನ ಒಂದು ಶಾಖೆ ಇತ್ತು. ಬ್ಯಾಂಕು ಮುಳುಗುತ್ತದೆ ಎಂಬ ಸುದ್ದಿ ಹಬ್ಬಿತು. ಜನ ಪಾಸ್‌ಬುಕ್ ಹಿಡಿದು ಓಡಿದರು. ಕೆಲವೇ ದಿನಗಳಲ್ಲಿ ನೂರು ಕೋಟಿ ಯೆನ್‌ಗೂ ಜಾಸ್ತಿ ಠೇವಣಿ ಹೊರಗೆ ಹೋಯಿತು. ಸುದ್ದಿ ಪೂರ್ತಿ ಸುಳ್ಳು. ಬ್ಯಾಂಕು ಮುಳುಗಲಿಲ್ಲ.

ಈ ಕತೆಯ ನಿಜವಾದ ಸ್ವಾರಸ್ಯ ಬೇರೆಯೇ ಇದೆ. ವದಂತಿ ಎಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಕಿವಿಗೆ ಹೋಯಿತು ಅನ್ನುವುದನ್ನು ಪೊಲೀಸರು ಮೊದಲ ಕೊಂಡಿಯವರೆಗೂ ಹಿಂಬಾಲಿಸಿ ಪತ್ತೆ ಮಾಡಿದರು. ಊರೆಲ್ಲ ಹಬ್ಬಿದ ಗಾಳಿಮಾತಿನ ತವರುಮನೆ ಸಿಗುವುದು ತೀರಾ ಅಪರೂಪ.

ಶಿನ್‌ಕಿನ್ ಅಂದರೆ ಏನು? ಮಾಮೂಲಿ ಬ್ಯಾಂಕೇನಾ?

ಪೂರ್ತಿ ಹಾಗಲ್ಲ. ‘ಶಿನ್ಯೋ ಕಿಂಕೊ’ ಎಂಬುದರ ಚಿಕ್ಕ ರೂಪ ಅದು. ಒಂದು ಊರು, ಸುತ್ತಮುತ್ತಲಿನ ಪ್ರದೇಶ, ಅಲ್ಲಿನ ಅಂಗಡಿಯವರು, ಸಣ್ಣ ಕಾರ್ಖಾನೆಯವರು, ಮನೆಮಂದಿ ಸದಸ್ಯರಾಗಿ ಕಟ್ಟಿಕೊಂಡ ಸಹಕಾರಿ ಬ್ಯಾಂಕು. ನಮ್ಮ ಪಟ್ಟಣ ಸಹಕಾರ ಬ್ಯಾಂಕುಗಳನ್ನು ಮನಸ್ಸಿಗೆ ತಂದುಕೊಂಡರೆ ಹತ್ತಿರ ಬರುತ್ತದೆ. ಮ್ಯಾನೇಜರ್ ಹೆಸರು ಗೊತ್ತಿರುತ್ತದೆ, ಕ್ಯಾಷಿಯರ್ ಪಕ್ಕದ ಬೀದಿಯವರೇ ಆಗಿರುತ್ತಾರೆ. ನಂಬಿಕೆ ಬೆಳೆಯುವುದೂ ಈ ಪರಿಚಯದಿಂದಲೇ, ಸುದ್ದಿ ಹಬ್ಬುವುದೂ ಇದೇ ದಾರಿಯಲ್ಲೇ.

ವದಂತಿ ಶುರುವಾಗಿದ್ದು ನಿಜವಾಗಿಯೂ ರೈಲಿನಲ್ಲೇನಾ?

ಹೌದು. ಡಿಸೆಂಬರ್ 8, ಶನಿವಾರ. ತೊಯೊಹಾಶಿಯಿಂದ ಹೊರಡುವ ಈದಾ ಲೈನ್ ರೈಲಿನಲ್ಲಿ ಮೂವರು ಹೈಸ್ಕೂಲ್ ಹುಡುಗಿಯರು ಹರಟುತ್ತಿದ್ದರು. ಅವರಲ್ಲಿ ಒಬ್ಬಳಿಗೆ ತೊಯೊಕಾವಾ ಶಿನ್‌ಕಿನ್‌ನಲ್ಲಿ ಕೆಲಸ ಸಿಕ್ಕಿತ್ತು. ಉಳಿದಿಬ್ಬರು ಅವಳ ಕಾಲೆಳೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, “ಶಿನ್‌ಕಿನ್ ಕೆಲಸನಾ? ಡೇಂಜರ್ ಕಣೇ!”

ಅವರ ಮನಸ್ಸಿನಲ್ಲಿ ಇದ್ದಿದ್ದು ದರೋಡೆ. ಬ್ಯಾಂಕು ಅಂದಮೇಲೆ ಕಳ್ಳರು ನುಗ್ಗುತ್ತಾರೆ, ಕೌಂಟರಿನಲ್ಲಿ ಕೂತವಳಿಗೆ ಅಪಾಯ, ಅಷ್ಟೇ. ಬ್ಯಾಂಕಿನ ಲೆಕ್ಕಪತ್ರದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಅದರ ಬಗ್ಗೆ ಅವರು ಮಾತಾಡಿಯೂ ಇರಲಿಲ್ಲ.

ಎಡವಟ್ಟು ಆಗಿದ್ದು ಒಂದು ಪದದಲ್ಲಿ. ಜಪಾನಿ ಭಾಷೆಯ ‘ಅಬುನಾಯ್’ ಎಂಬ ಪದ ಎರಡಕ್ಕೂ ನಡೆಯುತ್ತದೆ. ರಸ್ತೆ ದಾಟುವ ಮಗುವಿಗೂ ಅಬುನಾಯ್, ಸಾಲದಲ್ಲಿ ಮುಳುಗಿದ ಕಂಪನಿಗೂ ಅಬುನಾಯ್. ಕನ್ನಡದಲ್ಲಿ ನಾವು ‘ಡೇಂಜರ್’ ಅನ್ನುವುದೂ ಹೀಗೇ ಅಲ್ವಾ? ಆ ಘಾಟಿ ರಸ್ತೆ ಡೇಂಜರ್, ಆ ಚೀಟಿ ವ್ಯವಹಾರವೂ ಡೇಂಜರ್. ಯಾವ ಅರ್ಥ ಅನ್ನುವುದು ಮಾತಾಡುವವರ ನಡುವೆ ಇರುತ್ತದೆ. ಮಾತು ಆ ಜಾಗ ಬಿಟ್ಟು ಹೊರಟಾಗ ಅರ್ಥವನ್ನು ಅಲ್ಲೇ ಬಿಟ್ಟು ಹೋಗುತ್ತದೆ.

ತಮಾಷೆ ಮಾತು ಬ್ಯಾಂಕ್ ದಿವಾಳಿ ಸುದ್ದಿ ಆಗಿದ್ದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ಕತೆಯ ತಿರುಳು ಇರುವುದು ಇಲ್ಲೇ.

ಕೆಲಸ ಸಿಕ್ಕ ಹುಡುಗಿಗೆ ಆ ಮಾತು ಮನಸ್ಸಿಗೆ ನಾಟಿತು. ಅವತ್ತೇ ರಾತ್ರಿ ಒಬ್ಬ ಸಂಬಂಧಿಯನ್ನು ಕೇಳಿದಳು: ಶಿನ್‌ಕಿನ್ ಅಂದರೆ ಅಪಾಯವಾ? ಅವಳು ಕೇಳಿದ್ದು ಪ್ರಶ್ನೆ. ಯಾವುದೇ ಒಂದು ಬ್ಯಾಂಕಿನ ಹೆಸರನ್ನು ಅವಳು ಎತ್ತಿರಲಿಲ್ಲ.

ಆ ಸಂಬಂಧಿ, ಹುಡುಗಿ ಸೇರಲಿರುವುದು ತೊಯೊಕಾವಾ ಶಿನ್‌ಕಿನ್, ಹಾಗಾದರೆ ಇವಳು ಕೇಳುತ್ತಿರುವುದು ಅದರ ಬಗ್ಗೆಯೇ ಎಂದುಕೊಂಡರು. ಆ ಬ್ಯಾಂಕಿನ ಮುಖ್ಯ ಕಚೇರಿ ಹತ್ತಿರ ಇನ್ನೊಬ್ಬ ಸಂಬಂಧಿ ಇದ್ದರು. ಅವರಿಗೆ ಫೋನ್ ಮಾಡಿ, ತೊಯೊಕಾವಾ ಶಿನ್‌ಕಿನ್ ಅಪಾಯದಲ್ಲಿದೆಯಾ ಎಂದು ವಿಚಾರಿಸಿದರು. ಈಗ ಪ್ರಶ್ನೆಗೆ ಒಂದು ಹೆಸರು ಅಂಟಿಕೊಂಡಿತು.

ಫೋನ್ ಎತ್ತಿಕೊಂಡವರು ಮರುದಿನ, ಅಂದರೆ ಡಿಸೆಂಬರ್ 9ರಂದು, ಬ್ಯೂಟಿ ಪಾರ್ಲರ್ ನಡೆಸುವವರೊಬ್ಬರಿಗೆ ಈ ವಿಷಯ ಹೇಳಿದರು. ಹೇಳುವಾಗ ಪ್ರಶ್ನಾರ್ಥಕ ಚಿಹ್ನೆ ಬಿದ್ದುಹೋಗಿ ಅದರ ಜಾಗದಲ್ಲಿ ‘ಅಂತೆ’ ಬಂದು ಕೂತಿತು. ತೊಯೊಕಾವಾ ಶಿನ್‌ಕಿನ್ ಅಪಾಯದಲ್ಲಿದೆಯಂತೆ.

10ನೇ ತಾರೀಕು ಪಾರ್ಲರಿನವರು ತಮ್ಮ ಸಂಬಂಧಿಯೊಬ್ಬರ ಹತ್ತಿರ ಇದನ್ನು ಮಾತಾಡಿದರು. ಅಲ್ಲೇ ಇದ್ದ ಲಾಂಡ್ರಿ ಅಂಗಡಿಯವರೊಬ್ಬರ ಕಿವಿಗೆ ಅದು ಬಿತ್ತು. ಅವರು ಹೋಗಿ ಹೆಂಡತಿಗೆ ಹೇಳಿದರು. ಈ ಲಾಂಡ್ರಿಯಮ್ಮನನ್ನು ನೆನಪಿಟ್ಟುಕೊಳ್ಳಿ.

11ರ ಹೊತ್ತಿಗೆ ಕೊಜಾಕಾಯಿಯ ಗೃಹಿಣಿಯರ ಬಾಯಲ್ಲೆಲ್ಲ ಇದೇ ಮಾತು. ಆಗ ‘ಅಂತೆ’ ಕೂಡ ಕಳಚಿ ಬಿತ್ತು. ತೊಯೊಕಾವಾ ಶಿನ್‌ಕಿನ್ ಅಪಾಯದಲ್ಲಿದೆ. ಪೂರ್ಣವಿರಾಮ.

ಗಮನಿಸಿದಿರಾ? ಇಲ್ಲಿಯವರೆಗೆ ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಾವು ಕೇಳಿಸಿಕೊಂಡದ್ದನ್ನೇ ದಾಟಿಸಿದರು. ಒಬ್ಬೊಬ್ಬರೂ ಒಂದೊಂದು ಸಣ್ಣ ತುಂಡು ಉದುರಿಸಿದರು, ಅಷ್ಟೇ. ‘ಅಂತೆ ಕಂತೆಗಳ ಸಂತೆ’ ಅನ್ನುತ್ತೇವಲ್ಲ, ಆ ಸಂತೆಯಲ್ಲಿ ‘ಅಂತೆ’ ಇರುವವರೆಗೆ ಅಷ್ಟೊಂದು ಭಯವಿಲ್ಲ. ಇದು ನಾನು ಕೇಳಿದ್ದು, ನೋಡಿದ್ದಲ್ಲ ಎಂದು ಆ ಎರಡಕ್ಷರ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಅದು ಉದುರಿದ ಮೇಲೆ ಮಾತಿಗೆ ಹೊಣೆಗಾರರೇ ಇರುವುದಿಲ್ಲ.

11ರಂದು ಮಾತು ಹಬ್ಬಿತ್ತು. ಹಾಗಾದರೆ ಜನ 13ರವರೆಗೆ ಯಾಕೆ ಸುಮ್ಮನಿದ್ದರು?

ಮಾತು ಕೇಳುವುದಕ್ಕೂ ಪಾಸ್‌ಬುಕ್ ಹುಡುಕುವುದಕ್ಕೂ ನಡುವೆ ಒಂದು ಹೆಜ್ಜೆ ಇದೆ. ಆ ಹೆಜ್ಜೆ ಇಡಲು ‘ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ’ ಅನ್ನುವಂಥದ್ದು ಏನಾದರೂ ಬೇಕು. 13ನೇ ತಾರೀಕು ಗುರುವಾರ ಅದು ಸಿಕ್ಕಿತು. ಅದೂ ಎಂಥ ಕಾಕತಾಳೀಯ ನೋಡಿ.

ಅವತ್ತು ಒಬ್ಬರು ಲಾಂಡ್ರಿ ಅಂಗಡಿಗೆ ಬಂದರು. ಅಲ್ಲಿಂದಲೇ ಫೋನ್ ಮಾಡಿ, ತೊಯೊಕಾವಾ ಶಿನ್‌ಕಿನ್‌ನಿಂದ 12 ಲಕ್ಷ ಯೆನ್ ತೆಗೆದುಬಿಡು ಎಂದು ಯಾರಿಗೋ ಹೇಳಿದರು. ವ್ಯಾಪಾರಕ್ಕೆ ಯಾರಿಗೋ ಕೊಡಬೇಕಿದ್ದ ದುಡ್ಡು ಅದು. ವದಂತಿಯ ಸುಳಿವು ಕೂಡ ಅವರಿಗೆ ಇರಲಿಲ್ಲ. ಆದರೆ ಪಕ್ಕದಲ್ಲಿದ್ದ ಲಾಂಡ್ರಿಯಮ್ಮನಿಗೆ ಆಗಲೇ ಸುದ್ದಿ ತಲುಪಿತ್ತು. ಅವರ ತಲೆಯಲ್ಲಿ ಎರಡೂ ಜೋಡಣೆಯಾಯಿತು: ಇಷ್ಟು ದೊಡ್ಡ ಮೊತ್ತ ಒಮ್ಮೆಗೇ ತೆಗೆಸುತ್ತಿದ್ದಾರೆ, ಹಾಗಾದರೆ ಸುದ್ದಿ ನಿಜ!

ಅವರು ನೇರ ಹೋಗಿ ತಮ್ಮ 18 ಲಕ್ಷ ಯೆನ್ ತೆಗೆದುಕೊಂಡರು. ಆಮೇಲೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಸುದ್ದಿ ಹೋಯಿತು. ಅವರದು ಕೆಟ್ಟ ಮನಸ್ಸಲ್ಲ, ಬೇಕಾದವರ ದುಡ್ಡು ಉಳಿಯಲಿ ಎಂಬ ಕಾಳಜಿ. ಹ್ಯಾಮ್ ರೇಡಿಯೊ ಹವ್ಯಾಸಿಯೊಬ್ಬರು ಗಾಳಿಯಲ್ಲೂ ಸುದ್ದಿ ತೇಲಿಬಿಟ್ಟರು. ಆಗಿನ ಕಾಲದ ಫಾರ್ವರ್ಡ್ ಮೆಸೇಜ್ ಅದು! ಅವತ್ತು ಒಂದೇ ದಿನ 59 ಠೇವಣಿದಾರರು ಕೊಜಾಕಾಯಿ ಶಾಖೆಗೆ ನುಗ್ಗಿ ಸುಮಾರು 5 ಕೋಟಿ ಯೆನ್ ತೆಗೆದರು.

ಟ್ಯಾಕ್ಸಿ ಡ್ರೈವರ್ ಕತೆ ಅಂತ ಒಂದು ಕೇಳಿದ್ದೇನೆ. ಅದೇನು?

ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಸಾಕ್ಷಿ ಅದೇ. ಆ ಶಾಖೆಗೆ ಜನರನ್ನು ಕರೆದುಕೊಂಡು ಹೋಗುತ್ತಿದ್ದ ಒಬ್ಬ ಟ್ಯಾಕ್ಸಿ ಡ್ರೈವರ್, ಒಂದೇ ದಿನದಲ್ಲಿ ಪ್ರಯಾಣಿಕರ ಮಾತು ಹೇಗೆ ಬದಲಾಯಿತು ಎಂದು ಆಮೇಲೆ ವಿವರಿಸಿದ್ದರು.

ಮಧ್ಯಾಹ್ನ ಹತ್ತಿದವರು, ಬ್ಯಾಂಕು ಅಪಾಯದಲ್ಲಿದೆಯಂತೆ ಎಂದರು. ಎರಡೂವರೆಗೆ ಹತ್ತಿದವರು, ಅಪಾಯದಲ್ಲಿದೆ ಎಂದರು. ನಾಲ್ಕೂವರೆಯವರು, ಮುಳುಗುತ್ತದೆ ಎಂದರು. ರಾತ್ರಿ ಹತ್ತಿದವರು, ನಾಳೆ ಆ ಬ್ಯಾಂಕಿನ ಶಟರ್ ಮೇಲೇಳುವುದಿಲ್ಲ ಎಂದರು.

ಜಪಾನಿಯಲ್ಲಿ ‘ರಶೀ’ ಎಂಬ ಒಂದು ಬಾಲ ಇದೆ. ಈ ಜಾಗದಲ್ಲಿ ಅದು ಹೆಚ್ಚುಕಡಿಮೆ ನಮ್ಮ ‘ಅಂತೆ’ಯ ಕೆಲಸ ಮಾಡುತ್ತದೆ. ಮಧ್ಯಾಹ್ನದ ಪ್ರಯಾಣಿಕನ ಮಾತಿನಲ್ಲಿ ಅದು ಇತ್ತು, ಎರಡೂವರೆ ಹೊತ್ತಿಗೆ ಇರಲಿಲ್ಲ. ಮೂರು ದಿನದಲ್ಲಿ ಊರಿನಲ್ಲಿ ಆಗಿದ್ದು ಒಂದು ಕಾರಿನ ಹಿಂದಿನ ಸೀಟಿನಲ್ಲಿ ಅರ್ಧ ದಿನದಲ್ಲಿ ಮತ್ತೊಮ್ಮೆ ಆಯಿತು.

ಜನ ಇಷ್ಟು ಬೇಗ ನಂಬಿದ್ದು ಯಾಕೆ? ದಡ್ಡರಾ?

ದಡ್ಡರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಆ ಚಳಿಗಾಲದ ಜಪಾನ್ ಹೇಗಿತ್ತು ಅಂತ ನೋಡಿ. ಅಕ್ಟೋಬರ್‌ನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಶುರುವಾಗಿ ತೈಲ ಬೆಲೆ ಏರಿತ್ತು. ಬಳಸುವ ಎಣ್ಣೆಯಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೊರಗಿನಿಂದ ತರಿಸುವ ದೇಶ ಅದು. ನವೆಂಬರ್ ಹೊತ್ತಿಗೆ ಒಸಾಕಾ ಬಳಿಯ ಸೆನ್ರಿ ಬಡಾವಣೆಯಲ್ಲಿ ಟಾಯ್ಲೆಟ್ ಪೇಪರ್ ಸಿಗುವುದಿಲ್ಲ ಎಂಬ ಸುದ್ದಿ ಹಬ್ಬಿ, ಹೆಂಗಸರು ಅಂಗಡಿ ಮುಂದೆ ಸಾಲುಗಟ್ಟಿದ್ದರು. ಅದು ಬೇರೆ ಊರುಗಳಿಗೂ ಹರಡಿತು. ಅಂದರೆ ‘ಇದ್ದಕ್ಕಿದ್ದಂತೆ ಎಲ್ಲ ಖಾಲಿಯಾಗಬಹುದು, ಮೊದಲು ಓಡಿದವರಿಗೆ ಸಿಗುತ್ತದೆ’ ಎಂಬ ಪಾಠ ಒಂದೇ ತಿಂಗಳ ಹಿಂದೆ ಎಲ್ಲರಿಗೂ ಆಗಿತ್ತು.

ಅದಕ್ಕಿಂತ ದೊಡ್ಡ ಕಾರಣ ಸ್ಥಳೀಯವಾದದ್ದು. ಏಳು ವರ್ಷ ಹಿಂದೆ, 1966ರಲ್ಲಿ, ಆ ಭಾಗದಲ್ಲಿ ಒಂದು ಹಣಕಾಸು ಸಂಸ್ಥೆ ನಿಜವಾಗಿಯೂ ಮುಳುಗಿ ಜನ ದುಡ್ಡು ಕಳೆದುಕೊಂಡಿದ್ದರು. ತೆನಾಲಿ ರಾಮನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತಲ್ಲ, ಹಾಗೆ. ಓಡುವ ಬೆಕ್ಕನ್ನು ನೋಡಿ ನಗಬಹುದು. ಆದರೆ ಅದರ ಬಾಯಿ ಸುಟ್ಟಿದ್ದು ಸುಳ್ಳಲ್ಲ.

ಠೇವಣಿ ವಿಮೆ ಇರಲಿಲ್ವಾ?

ಇತ್ತು! ಜಪಾನಿನಲ್ಲಿ ಠೇವಣಿ ವಿಮಾ ನಿಗಮ ಶುರುವಾಗಿದ್ದು 1971ರಲ್ಲಿ. ಶಿನ್‌ಕಿನ್‌ಗಳೂ ಅದರೊಳಗೆ ಇದ್ದವು. ಆದರೆ 1973ರಲ್ಲಿ ಮಿತಿ ಒಬ್ಬರಿಗೆ 10 ಲಕ್ಷ ಯೆನ್ ಮಾತ್ರ. 1974ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿದರು.

ಈಗ ಲಾಂಡ್ರಿಯಮ್ಮನ ಮೊತ್ತ ನೆನಪು ಮಾಡಿಕೊಳ್ಳಿ: 18 ಲಕ್ಷ. ಬ್ಯಾಂಕು ನಿಜವಾಗಿ ಮುಳುಗಿದ್ದರೆ ವಿಮೆಯಿಂದ ಅವರಿಗೆ ಸಿಗುತ್ತಿದ್ದದ್ದು 10 ಲಕ್ಷ. ಉಳಿದ 8 ಲಕ್ಷಕ್ಕೆ ದೇವರೇ ಗತಿ. ಎರಡು ವರ್ಷದ ಹಿಂದಷ್ಟೇ ಬಂದ ವಿಮೆಯ ಲೆಕ್ಕ ಅವರಿಗೆ ಗೊತ್ತಿದ್ದರೂ ಓಡುವುದಕ್ಕೆ ಕಾರಣ ಇತ್ತು ಅಂತಾಯಿತು. ಜನ ಹುಚ್ಚೆದ್ದರು ಎಂದು ಈ ಕತೆಯನ್ನು ನಗೆಯಾಡುತ್ತಾ ಹೇಳುವವರು ಈ ಲೆಕ್ಕವನ್ನು ಹಾಕಿ ನೋಡುವುದಿಲ್ಲ.

ಬ್ಯಾಂಕು ಗಟ್ಟಿಯಾಗಿದ್ದರೆ ಜನ ದುಡ್ಡು ತೆಗೆದರೆ ಏನಾಗುತ್ತೆ? ಕೊಟ್ಟರಾಯ್ತಪ್ಪ!

ಎಲ್ಲರ ದುಡ್ಡೂ ತಿಜೋರಿಯಲ್ಲಿ ಇರುವುದಿಲ್ಲ. ಇದ್ದರೆ ಬಡ್ಡಿ ಎಲ್ಲಿಂದ ಕೊಡುತ್ತಾರೆ? ಬ್ಯಾಂಕು ಅದನ್ನು ಮನೆ ಕಟ್ಟುವವರಿಗೆ, ಅಂಗಡಿ ಹಾಕುವವರಿಗೆ ಸಾಲ ಕೊಟ್ಟಿರುತ್ತದೆ. ಆ ದುಡ್ಡು ಕಂತು ಕಂತಾಗಿ, ವರ್ಷಗಟ್ಟಲೆ ವಾಪಸ್ ಬರುತ್ತದೆ. ದಿನದಿನದ ಕೊಡುಕೊಳ್ಳುವಿಕೆಗೆ ಬೇಕಾದಷ್ಟನ್ನು ಮಾತ್ರ ನಗದಾಗಿ ಇಟ್ಟುಕೊಂಡಿರುತ್ತಾರೆ.

ಮದುವೆ ಮನೆ ಊಟ ನೆನಪು ಮಾಡಿಕೊಳ್ಳಿ. ಆರುನೂರು ಜನಕ್ಕೆ ಅಡುಗೆ ಆಗುತ್ತಿದೆ. ಒಂದು ಪಂಕ್ತಿಗೆ ಇನ್ನೂರು ಎಲೆ. ಮೂರು ಪಂಕ್ತಿ ಆದರೆ ಎಲ್ಲರ ಊಟವೂ ಮುಗಿಯುತ್ತದೆ, ಹೋಳಿಗೆ ಮಿಕ್ಕುತ್ತದೆ ಕೂಡ. ಅಷ್ಟರಲ್ಲಿ ಯಾರೋ, ಹೋಳಿಗೆ ಎರಡನೇ ಪಂಕ್ತಿಗೆ ಇಲ್ವಂತೆ ಅಂದುಬಿಟ್ಟರೆ? ಆರುನೂರೂ ಜನ ಮೊದಲ ಪಂಕ್ತಿಗೇ ನುಗ್ಗುತ್ತಾರೆ. ಬಡಿಸುವವರಿಗೆ ಕಾಲಿಡಲು ಜಾಗ ಇರುವುದಿಲ್ಲ, ಬೆಂದಷ್ಟು ಹೋಳಿಗೆ ಆ ಕ್ಷಣಕ್ಕೆ ಸಾಲುವುದಿಲ್ಲ. ಆಗ ‘ನೋಡಿ, ಹೇಳಿರಲಿಲ್ವಾ’ ಎಂದು ಮಾತು ನಿಜವೇ ಆಗಿಬಿಡುತ್ತದೆ.

ಕೊನೆಯ ಮಾತೇ ಇಲ್ಲಿ ಗಂಡಾಂತರದ್ದು. ಮಳೆ ಬರುತ್ತದೆ ಎಂದು ಊರೆಲ್ಲ ನಂಬಿದರೂ ಮಳೆ ಬರುವುದಿಲ್ಲ. ಬ್ಯಾಂಕು ಮುಳುಗುತ್ತದೆ ಎಂದು ಊರೆಲ್ಲ ನಂಬಿದರೆ ಮುಳುಗಬಹುದು. ಅದಕ್ಕೇ ವದಂತಿ ಸುಳ್ಳು ಎಂದು ಗೊತ್ತಿರುವ ಬುದ್ಧಿವಂತನೂ ‘ಬೇರೆಯವರು ಓಡುತ್ತಾರಲ್ಲ’ ಎಂದು ಓಡುವುದರಲ್ಲಿ ಅರ್ಥ ಇದೆ. ಇದನ್ನು ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1983ರಲ್ಲಿ ಲೆಕ್ಕದ ರೂಪದಲ್ಲಿ ತೋರಿಸಿದರು. 2022ರಲ್ಲಿ ಬೆನ್ ಬರ್ನಾಂಕಿ ಜೊತೆ ಅವರಿಗೆ ನೊಬೆಲ್ ಬಂತು.

ಬ್ಯಾಂಕಿನವರು ‘ಸುಳ್ಳು ಸುದ್ದಿ’ ಅಂತ ಹೇಳಲಿಲ್ವಾ?

ಹೇಳಿದರು. 14ನೇ ತಾರೀಕು ಹೇಳಿಕೆ ಕೊಟ್ಟರು. ಅದರಿಂದ ಇನ್ನೂ ಕೆಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ಜನಕ್ಕೆ. ಏನೂ ಇಲ್ಲದಿದ್ದರೆ ಇವರು ಯಾಕೆ ಹೇಳಿಕೆ ಕೊಡುತ್ತಾರೆ?

ಆಮೇಲೆ ಹಳೆ ವದಂತಿ ಮರಿ ಹಾಕಿತು. ನೌಕರನೊಬ್ಬ 50 ಕೋಟಿ ಯೆನ್ ಎತ್ತಿಕೊಂಡು ಓಡಿಹೋದ ಎಂಬುದು ಒಂದು. ಬ್ಯಾಂಕಿನ ಮುಖ್ಯಸ್ಥರು ಆತ್ಮಹತ್ಯೆ ಮಾಡಿಕೊಂಡರು ಎಂಬುದು ಇನ್ನೊಂದು. ಬ್ಯಾಂಕು ಮುಳುಗುತ್ತದೆ ಎಂದು ಒಪ್ಪಿಕೊಂಡವರಿಗೆ ಯಾಕೆ ಮುಳುಗುತ್ತದೆ ಎಂಬುದಕ್ಕೂ ಒಂದು ಉತ್ತರ ಬೇಕಲ್ಲ. ಆ ಖಾಲಿ ಜಾಗವನ್ನು ಊರೇ ತುಂಬಿಕೊಂಡಿತು.

ಹಾಗಾದರೆ ಕೊನೆಗೆ ನಿಂತಿದ್ದು ಹೇಗೆ?

ಮಾತಿಗಿಂತ ಕಣ್ಣಿಗೆ ಕಾಣುವ ವಸ್ತು ಕೆಲಸ ಮಾಡಿತು.

14ರ ಸಂಜೆಯಿಂದ 15ರ ಬೆಳಗಿನವರೆಗೆ ಪತ್ರಿಕೆ, ರೇಡಿಯೊ, ಟಿವಿಗಳು ಇದು ಬರೀ ಗಾಳಿಸುದ್ದಿ ಎಂದು ವರದಿ ಮಾಡಿದವು. ಜಪಾನಿನ ಕೇಂದ್ರ ಬ್ಯಾಂಕು, ಅಂದರೆ ಬ್ಯಾಂಕ್ ಆಫ್ ಜಪಾನ್, ಈ ಶಿನ್‌ಕಿನ್‌ನ ವ್ಯವಹಾರದಲ್ಲಿ ಏನೂ ತೊಂದರೆ ಇಲ್ಲ ಎಂದು ಬಹಿರಂಗವಾಗಿ ಹೇಳಿತು. ಬರೀ ಹೇಳಿ ಸುಮ್ಮನಾಗಲಿಲ್ಲ. ತನ್ನ ನಗೋಯಾ ಶಾಖೆಯ ಮೂಲಕ ನಗದು ಕಳಿಸಿಕೊಟ್ಟಿತು.

ಆ ನಗದನ್ನು ತಿಜೋರಿಯ ಒಳಗೆ ಬಚ್ಚಿಡಲಿಲ್ಲ. ಮುಖ್ಯ ಕಚೇರಿಯಲ್ಲಿ ತಿಜೋರಿಯ ಮುಂದೆ, ಕೌಂಟರಿನ ಆಚೆ ನಿಂತವರಿಗೆಲ್ಲ ಕಾಣುವಂತೆ ನೋಟಿನ ಕಟ್ಟುಗಳನ್ನು ಪೇರಿಸಿದರು. ಒಂದು ಮೀಟರ್ ಎತ್ತರ, ಐದು ಮೀಟರ್ ಅಗಲ. ಮನೆಯ ಕಾಂಪೌಂಡ್ ಗೋಡೆಯಷ್ಟು ದುಡ್ಡು! ಸತ್ತುಹೋದರು ಎಂದು ಸುದ್ದಿಯಾಗಿದ್ದ ಮುಖ್ಯಸ್ಥರು ತಾವೇ ಬಂದು ಗ್ರಾಹಕರ ಎದುರು ನಿಂತರು. ಅದಕ್ಕಿಂತ ದೊಡ್ಡ ಸ್ಪಷ್ಟೀಕರಣ ಇನ್ನೇನು ಬೇಕು?

ಗದ್ದಲ ಇಳಿಯಿತು.

ದುಡ್ಡು ಪೇರಿಸಿ ತೋರಿಸುವುದು ಅವರ ಹೊಸ ಉಪಾಯವಾ?

ಅಲ್ಲ, ಜಪಾನಿಗೆ ಅದು ಹಳೆಯದೇ. 1927ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬ್ಯಾಂಕುಗಳ ಮುಂದೆ ಜನ ಮುಗಿಬಿದ್ದಾಗ, ಸರ್ಕಾರ ಮೂರು ವಾರ ಸಾಲ ಮತ್ತು ಠೇವಣಿ ಪಾವತಿಗೆ ತಡೆ ಹಾಕಿತು. ಆಗ ಹಣಕಾಸು ಮಂತ್ರಿ ತಕಾಹಾಶಿ ಕೊರೆಕಿಯೊ. ತಡೆಯಾಜ್ಞೆಯ ನಡುವೆಯೇ ಬ್ಯಾಂಕುಗಳ ಬಾಗಿಲು ಮತ್ತೆ ತೆರೆಯುವ ಹೊತ್ತಿಗೆ ಕೈಯಲ್ಲಿ ನೋಟು ಸಾಲದು, ಅಚ್ಚು ಹಾಕಲು ಸಮಯವೂ ಇಲ್ಲ. ಅದಕ್ಕೆ 200 ಯೆನ್ ನೋಟುಗಳನ್ನು ಒಂದೇ ಬದಿಗೆ ಅಚ್ಚು ಹಾಕಿಸಿ ಕಳಿಸಿದರು. ಹಿಂಬದಿ ಖಾಲಿ ಬಿಳಿ! ಅವನ್ನು ಬ್ಯಾಂಕಿನ ಕೌಂಟರುಗಳಲ್ಲಿ ರಾಶಿ ಹಾಕಿಟ್ಟಾಗ ಜನಕ್ಕೆ ಧೈರ್ಯ ಬಂತು.

ಆ ಗದ್ದಲ ಶುರುವಾದ ಬಗೆಯೂ ಈ ಪುಟಕ್ಕೆ ತಕ್ಕ ಹಾಗಿದೆ. 1927ರ ಮಾರ್ಚ್ 14ರಂದು, ತಕಾಹಾಶಿಗಿಂತ ಮುಂಚೆ ಹಣಕಾಸು ಮಂತ್ರಿಯಾಗಿದ್ದ ಕತಾಓಕಾ ನವೋಹಾರು ಸಂಸತ್ತಿನಲ್ಲಿ ಮಾತಾಡುತ್ತಾ, ಇವತ್ತು ಮಧ್ಯಾಹ್ನ ತೋಕಿಯೊ ವತನಾಬೆ ಬ್ಯಾಂಕು ಮುಳುಗಿತು ಎಂದುಬಿಟ್ಟರು. ಅಸಲಿಗೆ ಆ ಬ್ಯಾಂಕು ಅವತ್ತು ಕಷ್ಟದಲ್ಲಿತ್ತು, ಆದರೆ ಹೇಗೋ ದುಡ್ಡು ಹೊಂದಿಸಿಕೊಂಡಿತ್ತು. ಮಂತ್ರಿಗಳ ಕೈಯಲ್ಲಿದ್ದದ್ದು ಹಳಸಿದ ಸುದ್ದಿ. ಮರುದಿನ ಬ್ಯಾಂಕು ನಿಜವಾಗಿಯೂ ಬಾಗಿಲು ಹಾಕಿತು. ಕೊಜಾಕಾಯಿಯಲ್ಲಿ ಏಳೆಂಟು ಬಾಯಿ ದಾಟಿ ಆದ ಕೆಲಸ ಇಲ್ಲಿ ಒಂದೇ ಬಾಯಿಂದ ಆಯಿತು. ದೊಡ್ಡವರು ಮಾತಾಡಿದರೆ ‘ಅಂತೆ’ ಮೊದಲಿಗೇ ಇರುವುದಿಲ್ಲ ನೋಡಿ.

ಪೊಲೀಸರು ಮೂಲ ಹುಡುಕಿದ್ದು ಹೇಗೆ? ಯಾರಿಗಾದರೂ ಶಿಕ್ಷೆ ಆಯಿತಾ?

ಬೇಕಂತಲೇ ಯಾರೋ ಬ್ಯಾಂಕಿನ ಹೆಸರು ಕೆಡಿಸಿದ್ದಾರೆ ಎಂಬ ಸಂಶಯದ ಮೇಲೆ ತನಿಖೆ ಶುರುವಾಯಿತು. ಸುಳ್ಳು ಸುದ್ದಿ ಹಬ್ಬಿಸಿ ಯಾರದಾದರೂ ವ್ಯವಹಾರದ ನಂಬಿಕೆ ಕೆಡಿಸುವುದು ಜಪಾನಿನಲ್ಲಿ ಅಪರಾಧ. ಪೊಲೀಸರು ‘ನಿಮಗೆ ಯಾರು ಹೇಳಿದರು?’ ಎಂಬ ಒಂದೇ ಪ್ರಶ್ನೆ ಹಿಡಿದು ಒಬ್ಬರಿಂದ ಒಬ್ಬರಿಗೆ ಹಿಂದಕ್ಕೆ ಹೋದರು. ಸಣ್ಣ ಊರು, ಹೆಚ್ಚಿನ ಕೊಂಡಿಗಳು ನೆಂಟರು ಇಲ್ಲವೇ ಪರಿಚಿತರು. ಡಿಸೆಂಬರ್ 16ರಂದು ಇಡೀ ದಾರಿಯನ್ನು ಪ್ರಕಟಿಸಿದರು.

ದಾರಿಯ ಕೊನೆಯಲ್ಲಿ ಸಿಕ್ಕಿದ್ದು ಸಂಚುಕೋರರಲ್ಲ, ರೈಲಿನ ಹುಡುಗಿಯರು. ಅಪರಾಧ ಅನ್ನಲು ಉದ್ದೇಶ ಬೇಕಲ್ಲ. ಅದು ಯಾರಲ್ಲೂ ಇರಲಿಲ್ಲ. ಪ್ರಕರಣ ಅಲ್ಲಿಗೇ ಮುಗಿಯಿತು.

ಲಾಂಡ್ರಿಯಮ್ಮನದೇ ತಪ್ಪು ಅನ್ನಬಹುದಾ?

ನಾನು ಅನ್ನುವುದಿಲ್ಲ. ಬೇರೆಯವರಿಗಿಂತ ಅವರು ಹೆಚ್ಚು ಎಚ್ಚರ ವಹಿಸಿದ್ದರು ಎಂದೇ ಹೇಳಬೇಕು. 10ನೇ ತಾರೀಕಿಗೇ ಮಾತು ಕಿವಿಗೆ ಬಿದ್ದಿದ್ದರೂ ಓಡಿರಲಿಲ್ಲ. ಇನ್ನೊಂದು ಕಡೆಯಿಂದ ಸಾಕ್ಷಿ ಸಿಕ್ಕ ಮೇಲೆ ಹೊರಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿದೆ, ನಿಜ. ಆದರೆ ಫೋನಿನಲ್ಲಿ ಮಾತಾಡಿದ ಗ್ರಾಹಕರನ್ನು ತಡೆದು ‘ಯಾಕೆ ಸ್ವಾಮಿ ದುಡ್ಡು ತೆಗೆಸುತ್ತಿದ್ದೀರಿ’ ಎಂದು ನಾವಾದರೂ ಕೇಳುತ್ತೇವಾ? ಮರ್ಯಾದೆ ಅಡ್ಡ ಬರುತ್ತದೆ.

ಇಂಥದ್ದು ಮತ್ತೆ ಎಲ್ಲಾದರೂ ಆಗಿದೆಯಾ?

ಆಗುತ್ತಲೇ ಇದೆ. ಜಪಾನಿನಲ್ಲೇ 2003ರ ಡಿಸೆಂಬರ್ 25ರಂದು ಸಾಗಾ ಬ್ಯಾಂಕು ಮರುದಿನ ಮುಳುಗುತ್ತದೆ ಎಂಬ ಮೆಸೇಜ್ ಮೊಬೈಲಿನಿಂದ ಮೊಬೈಲಿಗೆ ಹಾರಿ ಎಟಿಎಂಗಳ ಮುಂದೆ ಸಾಲು ಬೆಳೆಯಿತು. ಅದೇ ವರ್ಷ ಆ ಪ್ರಾಂತದಲ್ಲಿ ಒಂದು ಸಹಕಾರಿ ಸಂಸ್ಥೆ ನಿಜವಾಗಿ ಮುಳುಗಿತ್ತು. ಮತ್ತೆ ಅದೇ ಸುಟ್ಟ ಬಾಯಿಯ ಬೆಕ್ಕು.

ಚೀನಾದ ಜಿಯಾಂಗ್ಸು ಪ್ರಾಂತದ ಶೆಯಾಂಗ್‌ನಲ್ಲಿ 2014ರ ಮಾರ್ಚ್‌ನಲ್ಲಿ ಒಂದು ಗ್ರಾಮೀಣ ಬ್ಯಾಂಕಿಗೆ ಹೀಗೇ ಆಯಿತು. ಅಲ್ಲೂ ನೋಟಿನ ಕಟ್ಟುಗಳನ್ನು ಕೌಂಟರಿನ ಹಿಂದೆ ಪೇರಿಸಿ ತೋರಿಸಿದರು.

ನಮ್ಮ ದೇಶದಲ್ಲಿ 2003ರ ಏಪ್ರಿಲ್‌ನಲ್ಲಿ, ಮುಖ್ಯವಾಗಿ ಗುಜರಾತಿನಲ್ಲಿ, ಐಸಿಐಸಿಐ ಬ್ಯಾಂಕಿನ ಬಗ್ಗೆ ಗಾಳಿಸುದ್ದಿ ಎದ್ದು ಎಟಿಎಂಗಳಿಗೆ ಜನ ನುಗ್ಗಿದ್ದರು. ಬ್ಯಾಂಕಿನ ಹತ್ತಿರ ಸಾಕಷ್ಟು ಹಣ ಇದೆ ಎಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಸಣ್ಣ ಮಟ್ಟದಲ್ಲಿ ನಮ್ಮ ಮನೆಯಲ್ಲೂ ಆಗಿದೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಮ್ಮ ಒಂದು ಬೆಳಿಗ್ಗೆ, ಇಂಥ ಬ್ಯಾಂಕಿಗೆ ಏನಾದರೂ ತೊಂದರೆಯಾ, ಯಾರಿಗಾದರೂ ಗೊತ್ತಾ ಎಂದು ಕೇಳಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಮಾವ ಬೇರೊಂದು ಗ್ರೂಪಿನಿಂದ ‘ಖಚಿತ ಮಾಹಿತಿ’ ಎಂದು ತಂದು ಹಾಕಿದರು. ಆಮೇಲೆ ವಿಚಾರಿಸಿದರೆ ಅದು ಚಿಕ್ಕಮ್ಮನ ಪ್ರಶ್ನೆಯೇ ಊರು ಸುತ್ತಿ ವಾಪಸ್ ಬಂದಿತ್ತು. ಅಲ್ಲಿಯವರೆಗೆ ಚಿಕ್ಕಮ್ಮ ಅದನ್ನು ತಮ್ಮ ಅನುಮಾನಕ್ಕೆ ಸಿಕ್ಕ ಪುರಾವೆ ಎಂದುಕೊಂಡಿದ್ದರು!

ಹಾಗಾದರೆ ಬ್ಯಾಂಕಿನ ಬಗ್ಗೆ ಬರುವ ಸುದ್ದಿಯೆಲ್ಲ ಸುಳ್ಳು ಎಂದು ಸುಮ್ನೆ ಕೂರಬೇಕಾ?

ಬೇಡ. ನಿಜವಾಗಿ ಮುಳುಗುವ ಬ್ಯಾಂಕುಗಳೂ ಇವೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆಯೇ ನಮ್ಮಲ್ಲಿ ಠೇವಣಿ ವಿಮೆ ಬಂದಿದ್ದು. ಅದು 1962ರ ಜನವರಿ 1ರಿಂದ ಜಾರಿ, ಆಗಿನ ಮಿತಿ ಒಬ್ಬರಿಗೆ 1,500 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಅದರ ಮುಂದೆ ಸೇರಿದ ಜನ ವದಂತಿ ನಂಬಿ ಬಂದವರಲ್ಲ. ಅವರ ಸಂಕಟ ನಿಜವಾದದ್ದು. ಅದನ್ನೂ ಕೊಜಾಕಾಯಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಈಗ ನಮ್ಮಲ್ಲಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ, ಬಡ್ಡಿಯೂ ಸೇರಿ, ವಿಮೆ ಇದೆ. 2020ರ ಫೆಬ್ರವರಿ 4ರಂದು ಮಿತಿಯನ್ನು 1 ಲಕ್ಷದಿಂದ ಅಷ್ಟಕ್ಕೆ ಏರಿಸಿದರು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬರೇ ಇಟ್ಟ ದುಡ್ಡನ್ನೆಲ್ಲ ಕೂಡಿಸಿ ಒಂದೇ ಲೆಕ್ಕ ಹಿಡಿಯುತ್ತಾರೆ. ಸಹಕಾರ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ ‘ಸಹಕಾರ’ ಎಂದು ಇದ್ದ ಮಾತ್ರಕ್ಕೆ ಎರಡೂ ಒಂದೇ ಎಂದು ತಿಳಿಯುವವರು ಜಾಸ್ತಿ, ಅದಕ್ಕೇ ಹೇಳಿದೆ.

ಕೊಜಾಕಾಯಿ, ಆ ಬ್ಯಾಂಕು ಈಗಲೂ ಇವೆಯಾ?

ಕೊಜಾಕಾಯಿ ಪಟ್ಟಣ 2010ರ ಫೆಬ್ರವರಿಯಲ್ಲಿ ತೊಯೊಕಾವಾ ನಗರದೊಳಗೆ ಸೇರಿಹೋಯಿತು. ಈದಾ ಲೈನಿನಲ್ಲಿ ಆ ಹೆಸರಿನ ಸ್ಟೇಷನ್ ಇದೆ, ರೈಲು ನಿಲ್ಲುತ್ತದೆ. ತೊಯೊಕಾವಾ ಶಿನ್‌ಕಿನ್ ಬ್ಯಾಂಕೂ ಅದೇ ಹೆಸರಿನಲ್ಲಿ ವ್ಯವಹಾರ ನಡೆಸುತ್ತಿದೆ.